ಮಟ್ಟದ ಮಾತು

ಕನ್ನಡದಲ್ಲಿ 'ಮಟ್ಟ' ಎಂಬ ಶಬ್ದಕ್ಕೆ ದುಡಿಮೆ ಬಹಳ. ಹೊಳೆಯ ನೀರು ಎಲ್ಲಿಯವರೆಗೆ ಏರಿತೆಂಬುದು ಮಟ್ಟ. ಮನೆಯ ನೆಲ ಯಾವ ಕಡೆಗೂ ವಾಲದಿದ್ದರೆ ಅದು ಮಟ್ಟ. ಹಲಗೆಯಲ್ಲಿ ಉಬ್ಬುತಗ್ಗು ಇಲ್ಲದಿದ್ದರೆ ಅದೂ ಮಟ್ಟ. ಮನುಷ್ಯ ಸಣ್ಣತನ ತೋರಿಸಿದರೆ 'ಇವನ ಮಟ್ಟ ಇಷ್ಟೇ' ಎನ್ನುತ್ತೇವೆ. ಇಂಗ್ಲಿಷಿನವರು ಇಷ್ಟು ಕೆಲಸವನ್ನು ನಾಲ್ಕಾರು ಶಬ್ದಗಳಿಗೆ ಹಂಚಿಕೊಟ್ಟಿದ್ದಾರೆ. ನಾವು ಒಂದೇ ಆಳಿನಿಂದ ಎಲ್ಲವನ್ನೂ ಮಾಡಿಸಿಕೊಳ್ಳುತ್ತೇವೆ. ಇದರಲ್ಲಿ ಎರಡು ಮಟ್ಟಗಳು ಒಂದಲ್ಲ, ಬೇರೆಬೇರೆ ಎಂಬುದನ್ನು ನನಗೆ ತಿಳಿಸಿಕೊಟ್ಟವನು ಬನಹಟ್ಟಿಯ ಒಬ್ಬ ಬಡಿಗ್ಯಾರ ಮುತ್ಯಾ. ಅದನ್ನು ಹೇಳುವ ಮುಂಚೆ ಆ ಊರಿನ ಬಡಿಗರ ವಿಷಯ ಸ್ವಲ್ಪ ಹೇಳಬೇಕು.

ರಬಕವಿ ಮತ್ತು ಬನಹಟ್ಟಿ ಈಗ ಒಂದೇ ನಗರಸಭೆಯ ಕೆಳಗೆ, ಒಂದೇ ತಾಲೂಕಿನ ಹೆಸರಿನಲ್ಲಿ, ನಡುವೆ ಒಂದು ಸಣ್ಣ ಗೆರೆ ಹಾಕಿಕೊಂಡು ಕೂಡಿ ಬಾಳುತ್ತಿವೆ. ಸಂಸ್ಥಾನಗಳ ಕಾಲದಲ್ಲಿ ಹಾಗಿರಲಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಎರಡೂ ಕಡೆ ಆಳಿದವರು ಪಟವರ್ಧನರೇ ಆದರೂ ಮನೆತನದ ಕವಲು ಬೇರೆ, ಕಚೇರಿ ಬೇರೆ. ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಮಾತ್ರ ನೇರವಾಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ಹೀಗೆ ಒಂದು ಹಗಲಿನ ಚಕ್ಕಡಿ ಹಾದಿಯಲ್ಲಿ ನಾಲ್ಕು ಸರಕಾರ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಇತಿಹಾಸದ ಪುಸ್ತಕಗಳು ಇಷ್ಟನ್ನು ಬರೆದು ಮುಂದೆ ಹೋಗುತ್ತವೆ. ಮಗ್ಗಕ್ಕೆ ಕಟ್ಟಿಗೆ ಕೊಯ್ದುಕೊಟ್ಟವರು ಯಾರು ಎಂದು ಅವು ಕೇಳುವುದಿಲ್ಲ.

ಈ ಅವಳಿ ಊರುಗಳಲ್ಲಿ ಮಗ್ಗದ ಸಪ್ಪಳ ಇಲ್ಲದ ಓಣಿ ನಾನು ಚಿಕ್ಕವನಿದ್ದಾಗ ಇರಲಿಲ್ಲ. ನೇಕಾರ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತುಕೊಳ್ಳುವ ಕುಣಿಮಗ್ಗ. ಅದರ ಕಂಬ, ಉರುಳೆ, ಲಾಳಿ ಓಡುವ ಹಲಗೆ ಎಲ್ಲವೂ ಕಟ್ಟಿಗೆಯವು. ಹೊರಗಿನವರಿಗೆ ನೇಕಾರ ಕಾಣುತ್ತಾನೆ, ಸೀರೆ ಕಾಣುತ್ತದೆ. ಬಡಿಗ ಕಾಣುವುದಿಲ್ಲ. ಆದರೆ ಮುಂದಿನ ಉರುಳೆಗೂ ಹಿಂದಿನ ಉರುಳೆಗೂ ಕೂದಲೆಳೆಯಷ್ಟು ಓರೆ ಬಂದರೆ ಹಾಸಿನ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಸೀರೆಯ ಅಂಚು ಹಾವಿನಂತೆ ಸೊಟ್ಟಗಾಗುತ್ತದೆ. ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುವ ಮಗ್ಗಗಳು ಬಂದ ಮೇಲಂತೂ ಲಾಳಿಯ ಹಲಗೆಯ ಮಟ್ಟ ಜೀವದ ಪ್ರಶ್ನೆಯಾಯಿತು. ಜಾನ್ ಕೇ ಎಂಬ ಇಂಗ್ಲಿಷ್ ಕುಶಲಿ 1733ರಲ್ಲಿ ಈ ಉಪಾಯ ಕಂಡುಹಿಡಿದ. ಲಾಳಿಯ ಎರಡೂ ತುದಿಗೆ ಉಕ್ಕಿನ ಮೊನೆ ಇರುತ್ತದೆ. ಹಲಗೆ ನಡುವೆ ಉಬ್ಬಿದ್ದರೆ ಅದು ದಾರಿ ಬಿಟ್ಟು ಹಾರುತ್ತದೆ. ಹಾರಿದ ಲಾಳಿ ಎದುರು ಮಗ್ಗದವನ ಮುಖಕ್ಕೆ ಬಡಿಯಬಹುದು. ಹೀಗೆ ಒಂದು ಕಣ್ಣು ಕಳೆದುಕೊಂಡ ನೇಕಾರನೊಬ್ಬನನ್ನು ನಾನು ದಿನಾಲು ನೋಡುತ್ತಿದ್ದೆ. ಅವನು ಉಳಿದ ಒಂದೇ ಕಣ್ಣಿನಿಂದ ಕಡಿದ ಎಳೆ ಹುಡುಕುವ ವೇಗಕ್ಕೆ ಎರಡು ಕಣ್ಣಿನವರು ನಾಚಬೇಕು.

ನಾನು ಹೇಳುತ್ತಿರುವ ಮುತ್ಯಾನ ಮನೆತನ ಮೂರು ತಲೆಮಾರು ಇಂಥ ಹಲಗೆಗಳನ್ನು ಮಾಡಿತ್ತು. ನಡುನಡುವೆ ಮುಧೋಳದ ಕಡೆಯ ರೈತರಿಗೆ ಕೂರಿಗೆ. ಕೂರಿಗೆಯೂ ಮಟ್ಟದ ಕೆಲಸವೇ. ಮೂರು ತಾಳಿನಲ್ಲಿ ಒಂದು ತಾಳು ಮೇಲಿದ್ದರೆ ಆ ಸಾಲಿನ ಬೀಜ ಹಸಿ ಮುಟ್ಟುವುದಿಲ್ಲ, ಮೂರನೆಯ ಒಂದು ಪಾಲು ಬೆಳೆ ಹೋಯಿತು. ಬಡಿಗನ ತಪ್ಪು ಎರಡು ತಿಂಗಳ ಮೇಲೆ ಊರ ಎದುರಿಗೆ ಹೊಲದಲ್ಲಿ ಗೆರೆ ಎಳೆದು ತೋರಿಸಿದ ಹಾಗೆ ಕಾಣಿಸುತ್ತದೆ. ಇಷ್ಟು ಬಹಿರಂಗವಾಗಿ ತಪ್ಪು ತೋರುವ ಕಸುಬು ಇನ್ನೊಂದಿಲ್ಲ. ನಮ್ಮ ಮಾಸ್ತರಿಕೆಯಲ್ಲಿ ತಪ್ಪು ಬಯಲಾಗಲು ಇಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ನಿವೃತ್ತಿ ಆಗಿರುತ್ತದೆ.

ಆಗ ಹಲಗೆ ಹುಟ್ಟುತ್ತಿದ್ದ ರೀತಿಯೇ ಬೇರೆ. ದಾಂಡೇಲಿ, ಹಳಿಯಾಳದ ಕಡೆಯಿಂದ ಬಂದ ಸಾಗುವಾನಿ ದಿಮ್ಮಿಯನ್ನು ಎತ್ತರದ ಅಟ್ಟದ ಮೇಲೆ ಏರಿಸುತ್ತಿದ್ದರು. ಕಾವಿಯಲ್ಲಿ ಅದ್ದಿದ ದಾರವನ್ನು ಎರಡು ತುದಿಗೆ ಬಿಗಿಹಿಡಿದು ನಡುವೆ ಎತ್ತಿ ಬಿಟ್ಟರೆ ಟಪ್ಪೆಂದು ಕೆಂಪು ಗೆರೆ. ಮೇಲೆ ಒಬ್ಬ, ಕೆಳಗೆ ಒಬ್ಬ ನಿಂತು ಉದ್ದನೆಯ ಗರಗಸ ಎಳೆಯುವುದು. ಕೆಳಗಿನವನ ಕಣ್ಣು, ಮೂಗು, ಬಾಯಿಗೆಲ್ಲ ಹೊಟ್ಟು. ಮೇಲಿನವನಿಗೆ ಗೆರೆ ಕಾಣುತ್ತದೆ, ಕೆಳಗಿನವನಿಗೆ ನಂಬಿಕೆ ಮಾತ್ರ. ದಿನಕ್ಕೆ ಕೆಲವೇ ಹಲಗೆ ಇಳಿಯುತ್ತಿದ್ದವು. ಅವನ್ನು ಬಾಚಿಯಿಂದ ಕೆತ್ತಿ, ರಂದಾ ಹೊಡೆದು ಹದಕ್ಕೆ ತರಬೇಕು.

ಚಕ್ರದಂತೆ ತಿರುಗುವ ಗರಗಸದ ಕಥೆ ದೂರದ್ದು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬವನಿಗೆ 1777ರಲ್ಲಿ ಸಿಕ್ಕ ಪೇಟೆಂಟಿನಲ್ಲಿ ಅದರ ಪ್ರಸ್ತಾಪವಿದೆ. ಅದೇ ಊರಿನ ವಾಲ್ಟರ್ ಟೇಲರ್ ಹಡಗಿನ ಹಗ್ಗ ಓಡುವ ಗಾಲಿಗಳನ್ನು ಮಾಡಲು ಅಂಥ ಗರಗಸ ಬಳಸಿದ. ಅಮೆರಿಕದವರು ಇನ್ನೊಂದು ಕಥೆ ಹೇಳುತ್ತಾರೆ. ಶೇಕರ್ ಎಂಬ ಪಂಥದ ಟ್ಯಾಬಿತಾ ಬ್ಯಾಬಿಟ್ ಎಂಬ ಹೆಣ್ಣುಮಗಳು ನೂಲುವ ರಾಟಿಯ ಮುಂದೆ ಕುಳಿತಿದ್ದಾಗ ಇಬ್ಬರು ಗಂಡಸರು ದೊಡ್ಡ ಗರಗಸ ಎಳೆಯುವುದನ್ನು ಕಂಡಳಂತೆ. ಮುಂದೆ ಎಳೆದಾಗ ಕೊಯ್ಯುತ್ತದೆ, ಹಿಂದೆ ಎಳೆದಾಗ ಬರೀ ದಣಿವು. ರಾಟಿಯ ಗಾಲಿಗೇ ತಗಡಿನ ಹಲ್ಲು ಕೂಡಿಸಿದರೆ ಹೇಗೆ ಎಂದು 1813ರ ಸುಮಾರಿಗೆ ಮಾಡಿಯೇ ತೋರಿಸಿದಳಂತೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಸೌತಾಂಪ್ಟನ್ನಿನ ಕಾಗದ ಮೂವತ್ತಾರು ವರ್ಷ ಮೊದಲಿನದು. ಆದರೂ ನಾನು ಈ ಕಥೆಯನ್ನು ಬನಹಟ್ಟಿಯಲ್ಲಿ ಹೇಳಿದಾಗಲೆಲ್ಲ ಹೆಣ್ಣುಮಕ್ಕಳು ತಲೆ ಅಲ್ಲಾಡಿಸಿ ಒಪ್ಪಿಕೊಂಡಿದ್ದಾರೆ. ದಿನವಿಡೀ ರಾಟಿ ತಿರುವಿ ಕಂಡಿಕೆ ಸುತ್ತಿದವರಿಗೆ ಅದು ಅಸಾಧ್ಯವೆನಿಸುವುದಿಲ್ಲ.

ನಮ್ಮ ಕಡೆ ಚಕ್ರದ ಗರಗಸ ಬಂದ ಹೊಸದರಲ್ಲಿ ಅದರ ಮೇಜೂ ಕಟ್ಟಿಗೆಯದೇ ಆಗಿರುತ್ತಿತ್ತು. ಮೋಟಾರು, ಪಟ್ಟಾ ಹೊರಗಿನಿಂದ ತಂದು, ಮೇಜನ್ನು ಬಡಿಗನೇ ಮಾಡಿಕೊಳ್ಳುತ್ತಿದ್ದ. ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಬಾಗುವುದು ಅದರ ಹುಟ್ಟುಗುಣ. ಬೀಡುಕಬ್ಬಿಣದ ಮೇಜು ಬಂದದ್ದು ಬಹಳ ತಡವಾಗಿ. ಬೀಡಿನ ಪರಿಚಯ ಮಾತ್ರ ನಮಗೆ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಹಿಂಜರಿದರೆಂದು ಹೇಳುತ್ತಾರೆ. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ನಿಂತಿತು. ಆ ನೇಗಿಲು, ಕಬ್ಬಿನ ಗಾಣ ಕೃಷ್ಣೆಯ ಎರಡೂ ದಂಡೆಗೆ ಹಬ್ಬಿದವು. ನಮ್ಮ ಬಡಿಗರು 'ರಂದಾ', 'ಪಟಾಸಿ', 'ಪಾನಾ', 'ಗುಣ್ಯಾ' ಎನ್ನುವುದು ಆ ಕಡೆಯ ಒಡನಾಟದ ಗುರುತು. ಸಂಸ್ಥಾನ ಹೋಯಿತು, ಗಡಿ ಬಂತು, ಕೈಯಲ್ಲಿದ್ದ ಹತ್ಯಾರದ ಹೆಸರು ಹೋಗಲಿಲ್ಲ.

2002ರ ಬೇಸಿಗೆಯಲ್ಲಿ ಮುತ್ಯಾನ ಮಗ ಹೊರ ರಾಜ್ಯದ ಒಂದು ಕಂಪನಿಯಿಂದ ಹೊಸ ಗರಗಸದ ಮೇಜು ತರಿಸಿದ. ಕುಣಿಮಗ್ಗ ಕೇಳುವವರು ಕಡಿಮೆಯಾಗಿದ್ದರು. ಕರೆಂಟಿನ ಮಗ್ಗಕ್ಕೆ ಬಡಿಗ ಬೇಕಿಲ್ಲ, ಫಿಟ್ಟರ್ ಬೇಕು. ಬಾಗಿಲು, ಕಿಟಕಿಯ ಕೆಲಸ ಹಿಡಿಯದಿದ್ದರೆ ಅಂಗಡಿ ಮುಚ್ಚಬೇಕು ಎಂಬ ಸ್ಥಿತಿ. ಸಾಲ ಮಾಡಿಯೇ ತರಿಸಿದ್ದ. ಪೆಟ್ಟಿಗೆ ಒಡೆದಾಗ ನಾನೂ ಅಲ್ಲಿದ್ದೆ. ಬರುವ ವಾರ ಅದರ ಮೇಲೆ ಕೊಯ್ಯಬೇಕಾದ ಮೊದಲ ಕಟ್ಟಿಗೆ ನನ್ನ ಗೆಳೆಯನ ಮನೆಯದಾಗಿತ್ತು.

ಆ ಗೆಳೆಯನ ಊರು ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಇಲ್ಲಿ ಮಟ್ಟದ ಇನ್ನೊಂದು ಅರ್ಥಕ್ಕೆ ಬರಬೇಕು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಆಣೆಕಟ್ಟೆ ಎದ್ದು ನಿಲ್ಲುವಷ್ಟರಲ್ಲಿ ಒಂದು ತಲೆಮಾರು ಮುದುಕಾಯಿತು. ನೀರು ಎಷ್ಟು ಎತ್ತರ ನಿಲ್ಲಿಸಬೇಕೆಂಬ ಜಗಳ ದಿಲ್ಲಿಯವರೆಗೆ ಹೋಗಿ, 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಎಲ್ಲಿಂದ 519.6? ಸಮುದ್ರದ ಮಟ್ಟದಿಂದ. ಯಾವ ಸಮುದ್ರ? ಕರಾಚಿಯಿಂದ ಹಿಡಿದು ಮುಂಬಯಿ, ನಮ್ಮ ಕಾರವಾರ, ಕೊಚ್ಚಿ, ಮದರಾಸು ಇವೆಲ್ಲ ಸೇರಿ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ ಇಳಿತ ಅಳೆದು, ಸರಾಸರಿ ತೆಗೆದು, ಇಡೀ ದೇಶಕ್ಕೆ ಒಂದು ಸೊನ್ನೆಯನ್ನು 1909ರಲ್ಲಿ ಗೊತ್ತುಮಾಡಿದ್ದರು. ಅಲ್ಲಿಂದ ಹೆಜ್ಜೆ ಹೆಜ್ಜೆಗೆ ದುರ್ಬೀನು ಇಟ್ಟು, ಕೋಲು ಹಿಡಿದು, ಘಟ್ಟ ಹತ್ತಿ ಬಂದ ಲೆಕ್ಕ ಕೊನೆಗೆ ಬೀಳಗಿಯ ಒಬ್ಬ ರೈತನ ಕಟ್ಟೆಗೆ ಬಂದು ತಾಗಿತು. ಗೆಳೆಯನ ಮನೆ ಆ ಗೆರೆಯ ಕೆಳಗೆ ಇತ್ತು. ಅದೇ ಓಣಿಯ ಮೇಲ್ತುದಿಯ ಮನೆಗಳು ಗೆರೆಯ ಮೇಲಿದ್ದವು. ಒಂದೇ ಓಣಿ, ಒಂದೇ ಜಾತ್ರೆ, ನಡುವೆ ಕಾರವಾರದ ಸಮುದ್ರ.

ಎಲ್ಲ ಕಡೆಯೂ ನೀರು ಏರುವುದು ದುಃಖದ ಸಂಗತಿಯಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಮೇಲಿನ ಜಮಖಂಡಿ ತಾಲೂಕಿನ ರೈತರು ಸರಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದರ ಹೆಸರು. ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಅಲ್ಲಿ ನೀರಿನ ಮಟ್ಟ ಏರಿದ ದಿನ ಊರೂರಿನಲ್ಲಿ ಹಬ್ಬ. ಅದೇ ಹೊಳೆ, ಕೆಳಗೆ ಬಂದಾಗ ಅದೇ ಮಾತಿಗೆ ಜನ ಎದೆ ಹಿಡಿದುಕೊಂಡರು.

ಪರಿಹಾರದ ದುಡ್ಡು ಮನೆಗೆ. ಮನೆಯ ಕಟ್ಟಿಗೆಯನ್ನು ಮಾಲೀಕ ಕಿತ್ತುಕೊಂಡು ಹೋಗಬಹುದು. ಆ ವರ್ಷಗಳಲ್ಲಿ ಬೀಳಗಿಯ ರಸ್ತೆಗಳಲ್ಲಿ ತೊಲೆ, ಜಂತಿ, ಕಂಬ, ಬೋದಿಗೆ ಹೇರಿಕೊಂಡ ಟ್ರ್ಯಾಕ್ಟರುಗಳದೇ ಸಾಲು. ಮನೆಗಳು ಮೆರವಣಿಗೆ ಹೊರಟ ಹಾಗೆ. ಗೆಳೆಯನ ಮನೆಯಿಂದ ಬಂದದ್ದು ತಲಬಾಗಿಲು. ಸಾಗುವಾನಿಯ ಎರಡು ಕದ, ಒಂದೊಂದೂ ಎರಡಡಿ ಅಗಲ, ಆರಡಿಗೆ ಮೀರಿ ಎತ್ತರ. ಕೂಡುವ ಅಂಚಿನಲ್ಲಿ ಬಳ್ಳಿಯ ಕೆತ್ತನೆ. ಪುನರ್ವಸತಿ ಕೇಂದ್ರದ ಹೊಸ ಮನೆಯ ಚೌಕಟ್ಟಿಗೆ ಅದು ದೊಡ್ಡದಾಗಿತ್ತು. ಒಂದೊಂದು ಕದದಲ್ಲಿ ನಾಲ್ಕು ಬೆರಳು ಅಗಲ ತೆಗೆಯಬೇಕು. ಗೆಳೆಯನ ತಾಯಿ ಟ್ರ್ಯಾಕ್ಟರಿನಲ್ಲಿ ಬಾಗಿಲಿನ ಜೊತೆಗೇ ಕುಳಿತು ಬಂದಿದ್ದಳು. ಇಳಿದವಳೇ ಮುತ್ಯಾನಿಗೆ ಹೇಳಿದ್ದು ಇಷ್ಟು: "ಬಡಿಗೇರಣ್ಣಾ, ಮನಿ ಬಿಟ್ಟೇವಿ. ಇದೊಂದ ಉಳದೈತಿ. ಕೆಟ್ಟರ ಇನ್ನೊಂದ ಇಲ್ಲಪಾ."

ಇಂಥ ಕೆಲಸ ಕಾದಿರುವಾಗ ಹೊಸ ಮೇಜಿನಲ್ಲಿ ಕುಂದು ಕಂಡಿತು. ನಡುವಿನ ಮುಖ್ಯ ಮೇಜು ಬೀಡಿನದು, ನಯವಾಗಿ ಕೆರೆದದ್ದು. ಅದರ ಎಡಕ್ಕೂ ಬಲಕ್ಕೂ ಒಂದೊಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲದ ಬೀಡಿನ ರೆಕ್ಕೆಗಳನ್ನು ಮೂರು ಮೂರು ಬೋಲ್ಟಿನಿಂದ ಬಿಗಿಯಬೇಕು. ಅಗಲವಾದ ಹಲಗೆ ಆ ರೆಕ್ಕೆಯ ಮೇಲೆ ಮಲಗುತ್ತದೆ. ಬಿಗಿದ ಮೇಲೆ ನೋಡಿದರೆ ಎಡರೆಕ್ಕೆಯ ಹೊರ ಅಂಚು ಜೋತುಬಿದ್ದಿತ್ತು, ಬಲದ್ದು ತುಸು ಮೇಲೆದ್ದಿತ್ತು. ಮಗ ರಸಮಟ್ಟ ತಂದು ಇಟ್ಟ. ಗುಳ್ಳೆ ನಡುವೆ ನಿಲ್ಲಲಿಲ್ಲ. ಮೇಜಿನ ಕಾಲಿನ ಕೆಳಗೆ ತಗಡು ಕೊಡತೊಡಗಿದ.

ಆಗ ಮುತ್ಯಾ ಹೇಳಿದ: "ತಮ್ಮಾ, ಅದನ್ನ ಒಳಗ ಇಡು. ಅದು ಭೂಮಿ ಮಟ್ಟ ಹೇಳತೈತಿ. ನಿನಗ ಬೇಕಾಗಿದ್ದು ಮೇಜಿಂದು ಮೇಜಿಗೇ ಮಟ್ಟ."

ನಾನು ಮೊದಲು ಹೇಳಿದ ಎರಡು ಮಟ್ಟಗಳು ಇವೇ. ಒಂದು ನೀರು ಕಲಿಸಿದ್ದು. ಫ್ರಾನ್ಸಿನ ತೆವೆನೋ ಎಂಬವನು 1661ರ ಸುಮಾರಿಗೆ ಗಾಜಿನ ಕೊಳವೆಯಲ್ಲಿ ದ್ರವ ತುಂಬಿ ಒಂದು ಗುಳ್ಳೆ ಬಿಟ್ಟು ಅದನ್ನು ಸಣ್ಣ ಪೆಟ್ಟಿಗೆಯಲ್ಲಿ ಹಿಡಿದಿಟ್ಟ. ರಸಮಟ್ಟದಲ್ಲಿರುವುದು ಪಾದರಸ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಮದ್ಯಸಾರದಂಥ ತೆಳು ದ್ರವ. ನೇಕಾರನ ಉರುಳೆಗೆ, ಗೋಡೆಗೆ, ಆಣೆಕಟ್ಟೆಗೆ ಈ ಮಟ್ಟ ಬೇಕು. ಎರಡನೆಯದಕ್ಕೆ ಭೂಮಿಯ ಹಂಗಿಲ್ಲ. ಇಡೀ ಮೇಜು ಇಷ್ಟು ವಾಲಿದ್ದರೂ ಚಿಂತೆಯಿಲ್ಲ, ಅದರ ಮೈ ಮಾತ್ರ ಒಂದೇ ಸಮ ಇರಬೇಕು.

ಒಂದು ಮೈ ಸಮವಾಗಿದೆ ಎಂದು ಗೊತ್ತಾಗುವುದು ಹೇಗೆ? ಇನ್ನೊಂದು ಸಮವಾದ ವಸ್ತುವಿನ ಮೇಲೆ ಇಟ್ಟು ನೋಡಿ. ಆ ಇನ್ನೊಂದು ಸಮ ಎಂದು ಹೇಳಿದವರು ಯಾರು? ನಮ್ಮ ಬೀಸುವ ಕಲ್ಲನ್ನೇ ನೋಡಿ. ಎರಡೂ ಕಲ್ಲು ಸವೆದು ಸವೆದು ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ, ಆದರೆ ಕೆಳಗಿನದು ಉಬ್ಬಿರಬಹುದು, ಮೇಲಿನದು ತಗ್ಗಿರಬಹುದು. ಕೂಡಿದ ಮಾತ್ರಕ್ಕೆ ಸಮ ಎನ್ನಲಾಗದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಇದಕ್ಕೆ ಪರಿಹಾರವನ್ನು 1840ರಲ್ಲಿ ಗ್ಲಾಸ್ಗೋ ನಗರದ ವಿದ್ವಾಂಸರ ಸಭೆಯಲ್ಲಿ ಓದಿದ. ಎರಡಲ್ಲ, ಮೂರು ಬೀಡಿನ ಫಲಕ ತೆಗೆದುಕೊಳ್ಳಿ. ಒಂದಕ್ಕೆ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಇಡಿ, ಬಣ್ಣ ತಾಗಿದ ಉಬ್ಬನ್ನು ಕೆರೆಯಿರಿ. ಒಂದನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಮತ್ತೆ ಒಂದನೆಯದಕ್ಕೆ ಹೀಗೆ ಕೂಡಿಸುತ್ತ ಹೋಗಿ. ಮೂರೂ ಪರಸ್ಪರ ಕೂಡಬೇಕಾದರೆ ಯಾವುದೂ ಉಬ್ಬಿರಲು ಸಾಧ್ಯವಿಲ್ಲ, ತಗ್ಗಿರಲೂ ಸಾಧ್ಯವಿಲ್ಲ. ಇಬ್ಬರು ಸೇರಿ ಸುಳ್ಳನ್ನು ನಿಜ ಮಾಡಬಹುದು. ಮೂರನೆಯ ಸಾಕ್ಷಿ ಬಂದರೆ ಆಟ ನಡೆಯುವುದಿಲ್ಲ. ಇಂದಿನ ಲೇತು, ಎಂಜಿನು, ಎಲ್ಲಕ್ಕೂ ತಳಹದಿ ಈ ಕೆರೆಯುವ ಕೆಲಸ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತು ಕಾರ್ಖಾನೆಗೂ ಇದೇ ವಿದ್ಯೆ ಬೇಕಾಗಿತ್ತು.

ಮುತ್ಯಾ ವಿಟ್‌ವರ್ತನ ಹೆಸರು ಕೇಳಿದವನಲ್ಲ. ಗೋಡೆಗೆ ತೂಗುಹಾಕಿದ್ದ ನಾಲ್ಕಡಿ ಉದ್ದದ ಹಳೆಯ ಸಾಗುವಾನಿ ಪಟ್ಟಿ ಇಳಿಸಿದ. ಅದನ್ನೂ ಅವನು ಸುಮ್ಮನೆ ನಂಬಲಿಲ್ಲ. ಒಂದು ಹಲಗೆಯ ಮೇಲೆ ಇಟ್ಟು ಅಂಚಿನ ಉದ್ದಕ್ಕೂ ಸೀಸದಕಡ್ಡಿಯಿಂದ ಗೆರೆ ಎಳೆದ. ಪಟ್ಟಿಯನ್ನು ಮಗ್ಗುಲು ಹೊರಳಿಸಿ ಅದೇ ಅಂಚನ್ನು ಅದೇ ಗೆರೆಗೆ ಹೊಂದಿಸಿ ಮತ್ತೆ ಎಳೆದ. ಎರಡು ಗೆರೆ ಒಂದೇ ಆಗಿ ಬಿದ್ದರೆ ಪಟ್ಟಿ ನೆಟ್ಟಗಿದೆ. ಬಾಗಿದ್ದರೆ ನಡುವೆ ಮೀನಿನ ಆಕಾರ ಕಾಣುತ್ತದೆ. ಮೀನು ಕಾಣಲಿಲ್ಲ. ಆಮೇಲೆ ಪಟ್ಟಿಯನ್ನು ಮೇಜಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಆಚೆ ಬದಿಗೆ ಬ್ಯಾಟರಿ ಹಿಡಿಯಲು ನನಗೆ ಹೇಳಿದ. ನಡುಮೇಜಿನಲ್ಲಿ ಬೆಳಕು ನುಸುಳಲಿಲ್ಲ. ಎಡರೆಕ್ಕೆಯ ಮೇಲೆ ಬೆಳಕಿನ ಎಳೆ ಹೊರಗೆ ಹೋದಂತೆ ದಪ್ಪವಾಗುತ್ತ ಹೋಯಿತು. ಮುಂಭಾಗದ ಹೊರ ಅಂಚಿನಲ್ಲಿ ನಾಲ್ಕು ಪೋಸ್ಟ್ ಕಾರ್ಡು ತೂರಿದವು, ಹಿಂಭಾಗದಲ್ಲಿ ಎರಡೇ. ಅಂದರೆ ರೆಕ್ಕೆ ಜೋತದ್ದಷ್ಟೇ ಅಲ್ಲ, ತಿರುಚಿಯೂ ಇತ್ತು.

ಕಾರ್ಡಿನ ದಪ್ಪಕ್ಕೆ ಇಷ್ಟು ರಾಮಾಯಣವೇ ಎಂದು ಓದುಗರಿಗೆ ಅನಿಸಬಹುದು. ಕದ ಗರಗಸದ ಮೂಲಕ ಹಾಯುವಾಗ ಅದರ ಅಗಲವಾದ ಭಾಗ ಎಡರೆಕ್ಕೆಯ ಮೇಲೆ ಇರುತ್ತದೆ. ರೆಕ್ಕೆ ತಗ್ಗಿದ್ದರೆ ಭಾರವಾದ ಕದ ಆ ಕಡೆ ವಾಲುತ್ತದೆ. ಕೊಯ್ದ ಅಂಚು ನೆಟ್ಟಗೆ ಬರದೆ ಓರೆಯಾಗುತ್ತದೆ. ಅಷ್ಟಾದರೆ ರಂದಾ ಹೊಡೆದು ಸರಿಮಾಡಬಹುದು. ಆದರೆ ಅರ್ಧ ಕೊಯ್ದಾಗ ಕದ ವಾಲಿ ಸೀಳು ಬಿಗಿದರೆ ತಿರುಗುವ ಹಲ್ಲು ಕಟ್ಟಿಗೆಯನ್ನು ಹಿಡಿದು ನೂಕುವವನ ಹೊಟ್ಟೆಯ ಕಡೆಗೆ ಎಸೆಯುತ್ತದೆ. ಕದವೂ ಹೋಯಿತು, ಮನುಷ್ಯನೂ ಹೋದ. ಗರಗಸದ ಅಂಗಡಿಗಳಲ್ಲಿ ಕೈಬೆರಳು ಎಣಿಸಿದರೆ ಹತ್ತು ತುಂಬದವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ.

ಬೋಲ್ಟು ಸಡಿಲಿಸಿ ಕೂಡುವ ಸಂದಿಯಲ್ಲಿ ಪ್ಯಾಕಿಂಗ್ ಕೊಡಬೇಕು. ಮಗ ಕ್ಯಾಲೆಂಡರಿನ ಹಾಳೆ ಹರಿದು ತಂದ. "ಮಳಿಗಾಲದಾಗ ಮೆತ್ತಗಾಗಿ ಕೂಡತೈತಿ, ಬ್ಯಾಡ" ಎಂದ ಮುತ್ಯಾ. ಒಳಗಿನಿಂದ ಹರಿದುಹೋದ ಉಕ್ಕಿನ ಫಣಿ ತಂದ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆ ಅದು. ಅದರ ಒಂದೊಂದು ಹಲ್ಲೂ ತೆಳುವಾದ ಚಪ್ಪಟೆ ತಂತಿ. ಇಕ್ಕಳದಿಂದ ಕೆಲವು ಹಲ್ಲು ಕಿತ್ತ. ಇನ್ನು ಅದನ್ನು ಎಲ್ಲಿ ಇಡಬೇಕೆಂಬುದರಲ್ಲಿ ಇದೆ ಜಾಣತನ. ರೆಕ್ಕೆ ತಗ್ಗಿದೆ ಎಂದರೆ ಸಂದಿಯ ಕೆಳಭಾಗದಲ್ಲಿ, ಬೋಲ್ಟಿನ ಕೆಳಗೆ ಪ್ಯಾಕಿಂಗ್. ಬೋಲ್ಟು ಬಿಗಿದಾಗ ಕೆಳಭಾಗ ಹೊರಕ್ಕೆ ತಳ್ಳಲ್ಪಟ್ಟು ರೆಕ್ಕೆಯ ತುದಿ ಮೇಲೇಳುತ್ತದೆ. ರೆಕ್ಕೆ ಎದ್ದಿದ್ದರೆ ತಿರುವುಮುರುವು, ಬೋಲ್ಟಿನ ಮೇಲೆ ಕೊಡಬೇಕು. ಸಂದಿಯ ಎತ್ತರ ಕಡಿಮೆ, ರೆಕ್ಕೆಯ ಅಗಲ ಹೆಚ್ಚು. ಆದ್ದರಿಂದ ಸಂದಿಯಲ್ಲಿ ಕೊಟ್ಟ ದಪ್ಪದ ಆರೇಳು ಪಟ್ಟು ತುದಿ ಏಳುತ್ತದೆ. ನಾಲ್ಕು ಕಾರ್ಡಿನ ತಗ್ಗಿಗೆ ಒಂದು ಕಾರ್ಡೂ ಬೇಕಿಲ್ಲ. ಮುತ್ಯಾ ಇದನ್ನು ಲೆಕ್ಕ ಹಾಕಿ ಹೇಳಲಿಲ್ಲ. "ಬುಡಕ ಚೂರು, ತುದಿಗೆ ಮಾರು" ಎಂದ.

ಮುಂದಿನ ಬೋಲ್ಟಿನ ಕೆಳಗೆ ಫಣಿಯ ಹಲ್ಲು, ಹಿಂದಿನದಕ್ಕೆ ಅದಕ್ಕಿಂತ ತೆಳುವಾದ ಸಿಗರೇಟು ಪಾಕೀಟಿನ ಬೇಗಡೆ. ಮೊದಲು ಸಂದಿಯ ಎರಡು ಕಡೆಯೂ ಒಂದೇ ಸಮ ಇದೆಯೇ ಎಂದು ಉಗುರು ಎಳೆದು ನೋಡಿದ. ಉಗುರು ಎಡವಿದ ಕಡೆ ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟಿದ. ಒಂದು ಬೋಲ್ಟನ್ನೂ ಒಮ್ಮೆಲೇ ಬಿಗಿಯಲಿಲ್ಲ. ಪಾನಾ ಕಾಲು ಸುತ್ತು, ಪಟ್ಟಿ, ಬೆಳಕು. ಮತ್ತೆ ಕಾಲು ಸುತ್ತು. ಬಿಗಿದಂತೆ ರೆಕ್ಕೆ ತುಸು ಹೆಚ್ಚೇ ಎದ್ದಿತು, ಫಣಿಯ ಹಲ್ಲನ್ನು ತೆಗೆದು ಕಲ್ಲಿಗೆ ಉಜ್ಜಿ ತೆಳುಮಾಡಿ ಮತ್ತೆ ಇಟ್ಟ. ಕೊನೆಗೆ ಮೇಜಿನ ಎರಡು ತುದಿಗೆ ಒಂದೇ ಎತ್ತರದ ಎರಡು ಪಟ್ಟಿ ನಿಲ್ಲಿಸಿ, ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿದ. ಎರಡು ಪಟ್ಟಿಯ ಮೇಲಂಚು ಒಂದೇ ಗೆರೆಯಾಗಿ ಕಂಡರೆ ತಿರುಚು ಹೋಯಿತೆಂದು ಅರ್ಥ. ಬಲರೆಕ್ಕೆಗೆ ಅರ್ಧ ತಾಸು ಸಾಕಾಯಿತು. ಎಡದ್ದು ಒಂದು ಇಡೀ ಮುಂಜಾನೆ ತಿಂದಿತ್ತು.

ಗೆಳೆಯನ ತಾಯಿ ಅಷ್ಟು ಹೊತ್ತೂ ಬಾಗಿಲಿನ ಪಕ್ಕದಲ್ಲಿ ಕುಳಿತೇ ಇದ್ದಳು. ನೆರೆಮನೆಯವರು ಚಹಾ ತಂದುಕೊಟ್ಟರು. ಕುಡಿದು ಬಟ್ಟಲನ್ನು ಕದಕ್ಕೆ ತಾಗದಂತೆ ದೂರ ಇಟ್ಟಳು.

ಕೊಯ್ಯುವ ಮುಂಚೆ ಇನ್ನೆರಡು ಕೆಲಸ. ಹಳೆಯ ಕಟ್ಟಿಗೆಯಲ್ಲಿ ಮೊಳೆ ಹುದುಗಿರುತ್ತದೆ. ಹಳೆ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಮಗ ಕದದ ಮೇಲೆ ಕೈಯಾಡಿಸಿದ. ಹಬ್ಬಕ್ಕೆ ಮಾವಿನ ತೋರಣ ಕಟ್ಟಲು ಯಾರೋ ಹೊಡೆದ ಸಣ್ಣ ಮೊಳೆಗಳು ಒಂದೊಂದಾಗಿ ಸಿಕ್ಕವು. ಕೆಲವು ಬಳಸಿ ಸವೆದು ತಲೆಯೇ ಇಲ್ಲದವು. ಎರಡನೆಯದು, ಯಾವ ಕಡೆ ಕೊಯ್ಯುವುದು? ಕೂಡುವ ಕಡೆ ಬಳ್ಳಿಯ ಕೆತ್ತನೆ ಇದೆ. ಇನ್ನೊಂದು ಕಡೆ, ಹಳೆಯ ಬಾಗಿಲಲ್ಲವೆ, ಬಿಜಾಗರಿ ಇಲ್ಲ. ಕದದ ಮೂಲೆಯೇ ಮೇಲೆ ಕೆಳಗೆ ಉದ್ದವಾಗಿ ಬಂದು ಚೌಕಟ್ಟಿನ ಕುಣಿಯಲ್ಲಿ ತಿರುಗುತ್ತಿತ್ತು. ಆ ಕಡೆ ಕೊಯ್ದರೆ ತಿರುಗುವ ಗೂಟ ಹೋಗುತ್ತದೆ. ಗೆಳೆಯ ತಾಯಿಯ ಮುಖ ನೋಡಿದ. "ಹೂವಿನ ಬಳ್ಳಿ ಇರಲಿ. ತಿರಗೂದಕ್ಕ ಬಿಜಾಗರಿ ಹಚ್ಚರಿ" ಎಂದಳು. ಮುಂದುವರಿದು, "ಆದರ ಕರ್ರ ಅನ್ನೂ ಸಪ್ಪಳ ಬರೂದಿಲ್ಲ ಇನ್ನ" ಎಂದು ತನಗೆ ತಾನೇ ಹೇಳಿಕೊಂಡಳು. ಅಂಥ ಬಾಗಿಲು ತೆರೆದಾಗ ಆಗುವ ಸಪ್ಪಳದಿಂದಲೇ ಮನೆಗೆ ಯಾರು ಬಂದರೆಂದು ಅಡುಗೆಮನೆಯಲ್ಲಿದ್ದವರಿಗೆ ತಿಳಿಯುತ್ತಿತ್ತು.

ಕದದ ತುದಿ ಹೊರಬೀಳುವ ಕಡೆ ಆಸರೆಗೆ ಕುಣಿಮಗ್ಗದ ಹಳೆಯ ಉರುಳೆಯನ್ನು ಎರಡು ಸ್ಟೂಲಿನ ನಡುವೆ ಕೂಡಿಸಿದ್ದರು. ಮಗ ನೂಕಿದ, ಮುತ್ಯಾ ಆಚೆ ನಿಂತು ಹಿಡಿದ. ನೂರು ವರ್ಷದ ಸಾಗುವಾನಿ ಸೀಳಿದಾಗ ಬರುವ ಎಣ್ಣೆವಾಸನೆ ಅಂಗಡಿ ತುಂಬಿತು. ಕದ ಒಮ್ಮೆಯೂ ಅಲುಗಲಿಲ್ಲ. ಎರಡೂ ಕದ ಒಟ್ಟಿಗೆ ನಿಲ್ಲಿಸಿ ಕೊಯ್ದ ಅಂಚಿಗೆ ಗುಣ್ಯಾ ಹಿಡಿದ ಮುತ್ಯಾ ಏನೂ ಹೇಳದೆ ಬೀಡಿ ಹಚ್ಚಿದ. ಕೊಯ್ದು ತೆಗೆದ ಎರಡು ಪಟ್ಟಿ, ಆ ಗೂಟಗಳ ಸಮೇತ, ಅವಳು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದಳು. ಹೊಸ ಮನೆಯಲ್ಲಿ ಅವು ದೇವರ ಕಟ್ಟೆಯ ಚೌಕಟ್ಟಾಗಿವೆ.

ಮುತ್ಯಾ ಈಗಿಲ್ಲ. ಆ ಮೇಜು ಇದೆ. ಹಲ್ಲಿನ ಚಕ್ರ ಎಷ್ಟೋ ಸಲ ಬದಲಾಗಿದೆ, ಮೋಟಾರು ಎರಡು ಸಲ ಸುಟ್ಟು ಸುತ್ತಿಸಿಕೊಂಡಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಮಗ ರೆಕ್ಕೆಗಳನ್ನು ಪರೀಕ್ಷಿಸುತ್ತಾನೆ. ಸಾಗುವಾನಿ ಪಟ್ಟಿಯ ಬದಲು ಕಿಟಕಿಗೆ ಬಳಸುವ ಅಲ್ಯುಮಿನಿಯಂ ಪಟ್ಟಿ ಇಟ್ಟುಕೊಂಡಿದ್ದಾನೆ. ಗೆರೆ ಎಳೆದು ಹೊರಳಿಸಿ ನೋಡುವುದನ್ನು ಮಾತ್ರ ಬಿಟ್ಟಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳದ ಸುತ್ತ ಹಳ್ಳಿಗಳಿಗೆ ನುಗ್ಗಿದಾಗ ನೆನೆದು ಉಬ್ಬಿದ ಬಾಗಿಲುಗಳು ತಿಂಗಳುಗಟ್ಟಲೆ ಅವನ ಅಂಗಳದಲ್ಲಿ ಒಣಗಲು ನಿಂತಿದ್ದವು.

2010ರಲ್ಲಿ ಕೃಷ್ಣೆಯ ಎರಡನೆಯ ನ್ಯಾಯಾಧಿಕರಣ ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು ಹೇಳಿತು. ಗೆಳೆಯನ ಹಳೆಯ ಓಣಿಯ ಮೇಲ್ತುದಿಯ ಮನೆಗಳು ಈ ಎರಡು ಅಂಕಿಗಳ ನಡುವೆ ಬರುತ್ತವೆ. ಅವುಗಳಲ್ಲಿ ಒಂದರ ಯಜಮಾನ ಕೆಲವು ವರ್ಷಗಳ ಹಿಂದೆ ಬನಹಟ್ಟಿಗೆ ಬಂದು, ತನ್ನ ತಲಬಾಗಿಲಿನ ಅಳತೆ ಬರೆದ ಚೀಟಿ ಕೊಟ್ಟು, ಕೊಯ್ಯಲು ಎಷ್ಟಾಗುತ್ತದೆ ಎಂದು ಕೇಳಿ ಹೋಗಿದ್ದಾನೆ. ಬಾಗಿಲನ್ನು ಇನ್ನೂ ತಂದಿಲ್ಲ. ಚೀಟಿ ರಸಮಟ್ಟದ ಪೆಟ್ಟಿಗೆಯಲ್ಲಿದೆ.